ಮೊದಲ ಸಲ ಕಳವಿನ ಕೇಸು: ಪ್ರೊಬೇಷನ್ ಸಿಕ್ಕರೆ ಸಾಕಾ?

(ಅಮೆರಿಕದ ಕನ್ನಡ ಕೂಟವೊಂದರ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಕತ್ತರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಕಳವಿನ ಕೇಸಿನ ಬಗ್ಗೆ ಮಾತಾಡಿ ಎಂದು ಕೂಟದವರು ಹೇಳಿದ್ದಾರೆ. ಯಾರೂ ಪಕ್ಕದವರ ಮುಖ ನೋಡಬೇಡಿ. ಯಾರ ಮನೆಯ ಕಥೆಯನ್ನೂ ನಾನು ಇಲ್ಲಿ ಹೇಳುವುದಿಲ್ಲ.

ಈ ವಿಷಯ ಈಗ ಯಾಕೆ ಅಂತ ಕೆಲವರಿಗೆ ಅನಿಸಬಹುದು. 2025ರ ಜುಲೈನಲ್ಲಿ ಭಾರತದಲ್ಲಿರುವ ಅಮೆರಿಕದ ರಾಯಭಾರ ಕಚೇರಿಯೇ ಒಂದು ಎಚ್ಚರಿಕೆ ಹೊರಡಿಸಿತು. ಅಮೆರಿಕದಲ್ಲಿ ಹಲ್ಲೆ, ಕಳವು, ಕನ್ನಗಳವು ಮಾಡಿದರೆ ವೀಸಾ ರದ್ದಾಗಬಹುದು, ಮುಂದೆ ವೀಸಾ ಸಿಗದೆಯೂ ಹೋಗಬಹುದು ಅಂತ. ಅಷ್ಟು ದೊಡ್ಡ ಕಚೇರಿ ಅಂಗಡಿ ಕಳವಿನ ಬಗ್ಗೆ ಮಾತಾಡಬೇಕಾಗಿ ಬಂತು ಅಂದರೆ, ಇದು ನಾವು ಪಿಸುಗುಟ್ಟಿ ಸುಮ್ಮನಾಗುವ ವಿಷಯವಲ್ಲ.

ಇಂಥ ಕೇಸಿನಲ್ಲಿ ನನಗೆ ಫೋನ್ ಮಾಡುವವರು ಮೊದಲು ಕೇಳುವುದು ಒಂದೇ ಮಾತು. "ಮೊದಲ ಸಲ ಅಲ್ವಾ ಮೇಡಂ, ಜೈಲಂತೂ ಆಗಲ್ಲ ತಾನೆ?" ಅದಕ್ಕೆ ಉತ್ತರ ಬೇಗ ಹೇಳಿಬಿಡುತ್ತೇನೆ. ಹಿಂದೆ ಯಾವ ಕೇಸೂ ಇಲ್ಲ, ಯಾರಿಗೂ ಪೆಟ್ಟಾಗಿಲ್ಲ, ಆಯುಧ ಇಲ್ಲ, ಮೊತ್ತ ವಿಪರೀತವಲ್ಲ ಅಂತಿಟ್ಟುಕೊಳ್ಳಿ. ಆಗ ಕಳವು ಫೆಲನಿ, ಅಂದರೆ ದೊಡ್ಡ ಅಪರಾಧದ ಮಟ್ಟದ್ದಾದರೂ ಪ್ರೊಬೇಷನ್, ಅಂದರೆ ಸೆರೆವಾಸದ ಬದಲು ಷರತ್ತು ಹಾಕಿ ನಿಗಾದಲ್ಲಿ ಹೊರಗಿಡುವುದು, ಸಿಗುವ ಸಂಭವ ಹೆಚ್ಚಿನ ರಾಜ್ಯಗಳಲ್ಲಿ ಚೆನ್ನಾಗಿಯೇ ಇದೆ. ಆದರೆ ಅಮೆರಿಕದ ಪೌರರಲ್ಲದವರಿಗೆ ಪ್ರೊಬೇಷನ್ ಸಿಕ್ಕಿತೋ ಇಲ್ಲವೋ ಎನ್ನುವುದಕ್ಕಿಂತ, ಅದು ಯಾವ ದಾರಿಯಲ್ಲಿ ಸಿಕ್ಕಿತು ಎನ್ನುವುದು ದೊಡ್ಡದು. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಮೊದಲು ನಮ್ಮ ತಲೆಯಲ್ಲಿರುವ ಊರಿನ ಲೆಕ್ಕವನ್ನು ಬದಿಗಿಡೋಣ. ಭಾರತದಲ್ಲಿ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಇದೆ. ಹಿಂದೆ ಶಿಕ್ಷೆಯಾಗದವನು ಕಳವು ಮಾಡಿದ್ದರೆ, ಸಂದರ್ಭ ನೋಡಿ ಜಡ್ಜ್ ಬುದ್ಧಿ ಹೇಳಿ ಬಿಡಬಹುದು ಎಂದು ಅದರ 3ನೇ ಸೆಕ್ಷನ್ ಹೇಳುತ್ತದೆ. ಅದೇ ಕಾಯ್ದೆಯ 12ನೇ ಸೆಕ್ಷನ್, ಹೀಗೆ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟಬಾರದು ಎನ್ನುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಮೊದಲ ಸಲ ಅಪರಾಧ ಸಾಬೀತು, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟಾಗಿದೆ ಅಂದರೆ ಶಿಕ್ಷೆ ಸಮುದಾಯ ಸೇವೆ. ಮಾಲು ಕಳಕೊಂಡವರು ರಾಜಿಯಾಗುವುದಕ್ಕೂ ಅಲ್ಲಿ ದಾರಿ ಇದೆ. ಹಾಗಾಗಿ ಮಗ ಇಲ್ಲಿ ಸಿಕ್ಕಿಬಿದ್ದ ಕೂಡಲೇ ಊರಿನಿಂದ ಅಪ್ಪ ಫೋನ್ ಮಾಡಿ, "ಅಂಗಡಿಯವರ ಹತ್ತಿರ ಹೋಗಿ ಡಬಲ್ ದುಡ್ಡು ಕೊಟ್ಟು ಕೇಸು ವಾಪಸ್ ತೆಗೆಸು" ಅನ್ನುತ್ತಾರೆ.

ಇಲ್ಲಿ ಅದು ನಡೆಯುವುದಿಲ್ಲ. ಟೆಕ್ಸಾಸ್‌ನಲ್ಲಿ ಕೇಸಿನ ಹೆಸರೇ ಟೆಕ್ಸಾಸ್ ರಾಜ್ಯ ವಿರುದ್ಧ ನೀವು. ಅಂಗಡಿಯವರು ಬರೀ ಸಾಕ್ಷಿ. ಕೇಸು ನಡೆಸಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದು ಪ್ರಾಸಿಕ್ಯೂಟರ್, ಅಂದರೆ ಸರಕಾರದ ಪರವಾಗಿ ಕೇಸು ನಡೆಸುವ ವಕೀಲರು. ಕೆಲವು ವಾರಗಳಲ್ಲಿ ಅಂಗಡಿಯ ವಕೀಲರಿಂದ "ಇಷ್ಟು ನೂರು ಡಾಲರ್ ಕಟ್ಟಿ" ಅಂತ ಒಂದು ಪತ್ರವೂ ಬರುತ್ತದೆ. ಅದು ಸಿವಿಲ್ ವಸೂಲಿ. ಅದನ್ನು ಕಟ್ಟಿದ ಮಾತ್ರಕ್ಕೆ ಕ್ರಿಮಿನಲ್ ಕೇಸು ಮುಗಿಯುವುದಿಲ್ಲ. ಮುಗಿಯಿತು ಅಂದುಕೊಂಡು ಕೋರ್ಟಿನ ತಾರೀಕಿಗೆ ಹೋಗದೆ ಇದ್ದರೆ ವಾರಂಟ್ ಹೊರಡುತ್ತದೆ.

ಇನ್ನು ಫೆಲನಿ ಎಂದರೆ ಏನು? ಸ್ಥೂಲವಾಗಿ ಹೇಳುವುದಾದರೆ ಒಂದು ವರ್ಷಕ್ಕಿಂತ ಜಾಸ್ತಿ ಸೆರೆವಾಸ ಕೊಡಬಹುದಾದ ಅಪರಾಧ. ಅದಕ್ಕಿಂತ ಸಣ್ಣದು ಮಿಸ್‌ಡಿಮೀನರ್. ಕಳವಿನಲ್ಲಿ ಈ ಗೆರೆ ಎಳೆಯುವುದು ಮುಖ್ಯವಾಗಿ ಮಾಲಿನ ಬೆಲೆ. ಆದರೆ ಗೆರೆ ಒಂದೊಂದು ರಾಜ್ಯದಲ್ಲಿ ಒಂದೊಂದು ಕಡೆ ಇದೆ. 800 ಡಾಲರ್ ಬೆಲೆಯ ಒಂದು ಫೋನ್ ತೆಗೆದುಕೊಳ್ಳಿ. ಟೆಕ್ಸಾಸ್‌ನಲ್ಲಿ ಫೆಲನಿ ಶುರುವಾಗುವುದು 2,500 ಡಾಲರ್‌ಗೆ, ಆದ್ದರಿಂದ ಅಲ್ಲಿ ಇದು ಮಿಸ್‌ಡಿಮೀನರ್. ಕ್ಯಾಲಿಫೋರ್ನಿಯಾದಲ್ಲಿ ಗೆರೆ 950 ಡಾಲರ್, ಅಲ್ಲೂ ಮಿಸ್‌ಡಿಮೀನರ್. ಫ್ಲಾರಿಡಾದಲ್ಲಿ 750 ಡಾಲರ್, ಅಲ್ಲಿ ಇದು ಫೆಲನಿ, ಐದು ವರ್ಷದವರೆಗೆ ಸೆರೆವಾಸ ಆಗಬಹುದು. ನ್ಯೂಜೆರ್ಸಿಯಲ್ಲಂತೂ ಫೆಲನಿ ಎಂಬ ಹೆಸರೇ ಬಳಸುವುದಿಲ್ಲ. ಆದರೆ 200 ಡಾಲರ್‌ನಿಂದಲೇ ದೊಡ್ಡ ಅಪರಾಧದ ಸಾಲು ಶುರು. 500 ದಾಟಿದರೆ ಅದು ಮೂರನೇ ದರ್ಜೆ, ಮೂರರಿಂದ ಐದು ವರ್ಷದ ಶಿಕ್ಷೆಯ ವರ್ಗ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವವರು ಟೆಕ್ಸಾಸ್‌ನ ಡಾಲಸ್‌ನಲ್ಲಿರುವ ಗೆಳೆಯನ ಅನುಭವ ಕೇಳಿ ಧೈರ್ಯ ತಂದುಕೊಳ್ಳಬೇಡಿ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ ಮೊತ್ತ ಕೂಡಿಸುವುದು. ಸೆಲ್ಫ್ ಚೆಕ್‌ಔಟ್‌ನಲ್ಲಿ ಒಂದು ಪೊಟ್ಟಣ ಸ್ಕ್ಯಾನ್ ಮಾಡಿ ಎರಡು ಚೀಲಕ್ಕೆ ಹಾಕುವುದು, ದುಬಾರಿ ಮಾಲಿಗೆ ಅಗ್ಗದ ಬಾರ್‌ಕೋಡ್ ತೋರಿಸುವುದು. ಹುಡುಗರು ಇದನ್ನು ಕಳವು ಅಂತಲೇ ಅಂದುಕೊಳ್ಳುವುದಿಲ್ಲ, ಜಾಣತನ ಅಂದುಕೊಳ್ಳುತ್ತಾರೆ. ಮೇಲೆ ಕ್ಯಾಮೆರಾ ಇದೆ, ಕೆಳಗೆ ನಿಮ್ಮದೇ ಕಾರ್ಡಿನ ದಾಖಲೆ ಇದೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಒಂದೇ ಯೋಜನೆಯಂತೆ ಮಾಡಿದ ಹಲವು ಕಳವುಗಳ ಮೊತ್ತ ಕೂಡಿಸಿ ಒಂದೇ ಕೇಸು ಹಾಕಲು ಕಾನೂನಿದೆ. ಎಂಬತ್ತು, ನೂರು ಡಾಲರ್ ಅಂತ ತಿಂಗಳುಗಟ್ಟಲೆ ನಡೆದದ್ದು ಒಂದು ದಿನ ಫೆಲನಿಯಾಗಿ ಎದುರಿಗೆ ನಿಲ್ಲುತ್ತದೆ. ಆಗ "ಮೊದಲ ಸಲ" ಎಂಬ ಮಾತಿಗೂ ತೂಕ ಕಡಿಮೆ. ಸಿಕ್ಕಿಬಿದ್ದದ್ದು ಮೊದಲ ಸಲ, ಅಷ್ಟೆ.

ಜಡ್ಜ್ ಮತ್ತು ಪ್ರಾಸಿಕ್ಯೂಟರ್ ಏನು ನೋಡುತ್ತಾರೆ? ನ್ಯೂಜೆರ್ಸಿಯಲ್ಲಿ ಮೂರನೇ, ನಾಲ್ಕನೇ ದರ್ಜೆಯ ಅಪರಾಧಕ್ಕೆ ಮೊದಲ ಸಲದವರನ್ನು ಸೆರೆಮನೆಗೆ ಕಳಿಸಬಾರದು ಎಂಬುದೇ ಕಾನೂನಿನ ಮೂಲ ನಿಲುವು. ಕಳಿಸಬೇಕಾದರೆ ಅದಕ್ಕೆ ಬಲವಾದ ಕಾರಣ ಬೇಕು. ಬೇರೆ ಕಡೆ ಹೆಚ್ಚಾಗಿ ಜಡ್ಜ್ ವಿವೇಚನೆ. ಶಿಕ್ಷೆಗೆ ಮುಂಚೆ ಪ್ರೊಬೇಷನ್ ಇಲಾಖೆಯವರು ಒಂದು ವರದಿ ಬರೆಯುತ್ತಾರೆ. ಓದು, ಕೆಲಸ, ಮನೆ, ಕುಡಿತ, ಸಾಲ, ಮಾನಸಿಕ ಆರೋಗ್ಯ ಎಲ್ಲ ಅದರಲ್ಲಿ ಬರುತ್ತದೆ. ನಷ್ಟ ತುಂಬಿಕೊಟ್ಟಿದ್ದೀರಾ ಎಂಬುದಕ್ಕೆ ದೊಡ್ಡ ಬೆಲೆ ಇದೆ. ಆದರೆ ಅದನ್ನು ವಕೀಲರ ಮೂಲಕವೇ ಮಾಡಬೇಕು. "ತಪ್ಪಾಯಿತು, ಕ್ಷಮಿಸಿ, 3,200 ಡಾಲರ್ ವಾಪಸ್ ಕೊಡುತ್ತೇನೆ" ಅಂತ ಮ್ಯಾನೇಜರ್‌ಗೆ ನೀವೇ ಇಮೇಲ್ ಬರೆದರೆ, ಅದು ಕ್ಷಮಾಪಣೆಯಲ್ಲ, ಸಹಿ ಹಾಕಿ ಕೊಟ್ಟ ಸಾಕ್ಷಿ.

ಕೆಲಸ ಮಾಡುವ ಜಾಗದಲ್ಲಿ ಆದ ಕಳವಿಗೆ ಕನಿಕರ ಕಡಿಮೆ. ಗಲ್ಲಾದಿಂದ ಹಣ, ಸುಳ್ಳು ರೀಫಂಡ್, ಗಿಫ್ಟ್ ಕಾರ್ಡ್ ತುಂಬಿಕೊಳ್ಳುವುದು, ಇವುಗಳಲ್ಲಿ ನಂಬಿಕೆ ಮುರಿದ ವಿಷಯ ಬರುತ್ತದೆ. ವಯಸ್ಸಾದವರ ಹಣಕ್ಕೆ ಕೈಹಾಕಿದ್ದರೆ ಇನ್ನೂ ಕಷ್ಟ. ಇನ್ನೊಂದನ್ನು ನೆನಪಿಡಿ. ಪ್ರೊಬೇಷನ್ ಅಂದರೆ ಒಂದು ದಿನವೂ ಒಳಗಿರಬೇಕಾಗಿಲ್ಲ ಅಂತಲ್ಲ. ಪ್ರೊಬೇಷನ್‌ನ ಷರತ್ತಾಗಿಯೇ ಕೌಂಟಿ ಜೈಲಿನಲ್ಲಿ ಕೆಲವು ದಿನ, ಕೆಲವು ತಿಂಗಳು ಇಡಲು ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಎರಡರಲ್ಲೂ ಅವಕಾಶವಿದೆ.

ಈ ಪದ್ಧತಿ ಹುಟ್ಟಿದ ಬಗೆ ನನಗೆ ಇಷ್ಟ, ಒಂದು ನಿಮಿಷ ಕೊಡಿ. 1841ರಲ್ಲಿ ಬಾಸ್ಟನ್‌ನಲ್ಲಿ ಜಾನ್ ಆಗಸ್ಟಸ್ ಎಂಬ ಬೂಟು ಹೊಲಿಯುವ ಕಸುಬಿನವರು ಇದ್ದರು. ಕುಡಿತದ ಕೇಸಿನಲ್ಲಿ ಕಟಕಟೆಗೆ ಬಂದ ಒಬ್ಬನಿಗೆ ತಾವೇ ಜಾಮೀನು ನಿಂತು, ಕೆಲವು ವಾರ ನೋಡಿಕೊಂಡು, ಮತ್ತೆ ಜಡ್ಜ್ ಮುಂದೆ ನಿಲ್ಲಿಸಿದರು. ಅವನು ಸುಧಾರಿಸಿದ್ದ, ಸಣ್ಣ ದಂಡದಲ್ಲಿ ಬಿಟ್ಟರು. ವಕೀಲರಲ್ಲ, ಅಧಿಕಾರಿಯಲ್ಲ, ಬರೀ ಒಬ್ಬ ಊರಿನವರು ಶುರು ಮಾಡಿದ್ದು. ಮ್ಯಾಸಚೂಸೆಟ್ಸ್ 1878ರಲ್ಲಿ ಅದಕ್ಕೆ ಕಾನೂನು ಮಾಡಿತು. ಇವತ್ತು ಈ ದೇಶದಲ್ಲಿ ಸುಮಾರು 30 ಲಕ್ಷ ವಯಸ್ಕರು ಪ್ರೊಬೇಷನ್ ಮೇಲಿದ್ದಾರೆ.

ಈಗ ದಾರಿಗಳ ವಿಷಯ. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ.

ಮೊದಲನೆಯದು ವಿಚಾರಣೆಗೆ ಮುಂಚಿನ ಡೈವರ್ಷನ್, ಅಂದರೆ ಕೇಸನ್ನು ಶಿಕ್ಷೆಯ ದಾರಿಯಿಂದ ಬೇರೆ ಕಡೆಗೆ ತಿರುಗಿಸುವುದು. ನ್ಯೂಜೆರ್ಸಿಯಲ್ಲಿ ಇದಕ್ಕೆ ಪ್ರೀಟ್ರಯಲ್ ಇಂಟರ್ವೆನ್ಷನ್ ಎನ್ನುತ್ತಾರೆ. ಮೊದಲ ಸಲದ ಮೂರನೇ ದರ್ಜೆಯ ಕಳವಿಗೆ ಸಾಮಾನ್ಯವಾಗಿ ತಪ್ಪೊಪ್ಪಿಗೆ ಕೇಳುವುದಿಲ್ಲ. ಗರಿಷ್ಠ ಮೂರು ವರ್ಷ ನಿಗಾದಲ್ಲಿರಬೇಕು. ಷರತ್ತು ಪಾಲಿಸಿದರೆ ಕೇಸು ವಜಾ. ಜೀವನದಲ್ಲಿ ಒಂದೇ ಸಲ ಸಿಗುವ ಅವಕಾಶ. ಎರಡನೆಯದು ಟೆಕ್ಸಾಸ್‌ನ ಡಿಫರ್ಡ್ ಅಡ್ಜುಡಿಕೇಷನ್. ಇಲ್ಲಿ ನೀವು ಮೊದಲು ತಪ್ಪು ಒಪ್ಪಿಕೊಳ್ಳಬೇಕು, ಇಲ್ಲವೇ ವಾದ ಮಾಡುವುದಿಲ್ಲ ಎನ್ನಬೇಕು. ಜಡ್ಜ್ ತೀರ್ಪು ಬರೆಯದೆ ಪಕ್ಕಕ್ಕಿಟ್ಟು ನಿಗಾದಲ್ಲಿಡುತ್ತಾರೆ. ಚೆನ್ನಾಗಿ ಮುಗಿಸಿದರೆ ಶಿಕ್ಷೆಯಾದ ದಾಖಲೆ ಇಲ್ಲ. ಕೆಡಿಸಿಕೊಂಡರೆ ಆ ಅಪರಾಧಕ್ಕಿರುವ ಪೂರ್ತಿ ಶಿಕ್ಷೆ ಕೊಡಬಹುದು. ಮೂರನೆಯದು ನೇರವಾದ ಪ್ರೊಬೇಷನ್. ಅಪರಾಧಿ ಎಂದು ತೀರ್ಪು ಬರೆದು, ಸೆರೆವಾಸದ ಬದಲು ಹೊರಗೆ ಬಿಡುವುದು.

ಟೆಕ್ಸಾಸ್‌ನಲ್ಲಿ ಹುಟ್ಟಿದ ಹುಡುಗನಿಗೆ ಎರಡನೆಯ ದಾರಿ ಒಳ್ಳೆಯದೇ. ಬೆಂಗಳೂರಿನಿಂದ ಓದಲು ಬಂದ ಹುಡುಗನಿಗೆ ಅದೇ ದಾರಿ ಗುಂಡಿ. ಯಾಕೆಂದರೆ ರಾಜ್ಯದ ಕಾನೂನು ಏನೇ ಅನ್ನಲಿ, ಫೆಡರಲ್ ವಲಸೆ ಕಾನೂನಿಗೆ ತನ್ನದೇ ಅಳತೆ ಇದೆ. ತಪ್ಪೊಪ್ಪಿಕೊಂಡಿದ್ದೀರಿ, ಜೊತೆಗೆ ಯಾವುದೋ ಒಂದು ದಂಡನೆ ಅಥವಾ ನಿರ್ಬಂಧ ಇದೆ ಎಂದರೆ, ತೀರ್ಪು ಬರೆಯದಿದ್ದರೂ ಅದು ಅಪರಾಧ ಸಾಬೀತಾದ ಹಾಗೆಯೇ. ಅಲ್ಲಿ ಟೆಕ್ಸಾಸ್ ವಜಾ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ತಪ್ಪೊಪ್ಪಿಗೆ ಇಲ್ಲದ ಮೊದಲ ದಾರಿ ಈ ಅಳತೆಗೆ ಸಿಗುವುದಿಲ್ಲ. ಇಬ್ಬರು ಹುಡುಗರು ಒಂದೇ ಅಂಗಡಿಯಲ್ಲಿ ಒಂದೇ ತಪ್ಪು ಮಾಡಿ, ಒಂದೇ ಕಾಗದಕ್ಕೆ ಸಹಿ ಹಾಕಿ, ಒಬ್ಬನದು ಅಳಿಸಿಹೋಗಿ ಇನ್ನೊಬ್ಬನದು ಹಾಗೇ ಉಳಿಯುತ್ತದೆ. ನನಗೆ ಇದು ನ್ಯಾಯ ಅನಿಸುವುದಿಲ್ಲ. ಆದರೆ ಕಾನೂನು ಸದ್ಯ ಇರುವುದು ಹಾಗೆ.

ಸಾಬೀತಾದರೆ ಏನು? ಕಳವನ್ನು ವಲಸೆ ಕಾನೂನು ಸಾಮಾನ್ಯವಾಗಿ ನೈತಿಕ ಅಧಃಪತನದ ಅಪರಾಧಗಳ ಸಾಲಿಗೆ ಸೇರಿಸುತ್ತದೆ. ದೇಶಕ್ಕೆ ಬಂದ ಐದು ವರ್ಷದೊಳಗೆ ಮಾಡಿದ್ದು, ಒಂದು ವರ್ಷ ಅಥವಾ ಹೆಚ್ಚು ಶಿಕ್ಷೆ ಕೊಡಬಹುದಾದದ್ದು ಎಂದರೆ ಗಡೀಪಾರಿಗೆ ಅಷ್ಟೇ ಸಾಕು. ಇಲ್ಲಿ ನೋಡುವುದು ಎಷ್ಟು ಕೊಡಬಹುದಿತ್ತು ಎಂಬುದನ್ನು, ಎಷ್ಟು ಕೊಟ್ಟರು ಎಂಬುದನ್ನಲ್ಲ. ಫೆಲನಿ ಅಂದಮೇಲೆ ಆ ಅಳತೆ ತಾನಾಗಿಯೇ ತುಂಬುತ್ತದೆ.

ಅದಕ್ಕಿಂತ ಗಂಭೀರವಾದದ್ದು ಅಗ್ರವೇಟೆಡ್ ಫೆಲನಿ ಎಂಬ ವರ್ಗ. ಕಳವಿಗೆ ಒಂದು ವರ್ಷ ಅಥವಾ ಹೆಚ್ಚಿನ ಶಿಕ್ಷೆ ಬರೆದರೆ ಅದು ಈ ವರ್ಗಕ್ಕೆ ಬೀಳುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೂ ಗಡೀಪಾರಿನಿಂದ ಪಾರಾಗುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಇಲ್ಲಿ ನಮ್ಮವರು ಎಡವುವ ಜಾಗ ಇದು: ಅಮಾನತಿನಲ್ಲಿಟ್ಟ ಶಿಕ್ಷೆಯೂ ಲೆಕ್ಕಕ್ಕೆ ಬರುತ್ತದೆ. "ಒಂದು ವರ್ಷ ಜೈಲು, ಅದು ಪೂರ್ತಿ ಅಮಾನತು, ಬದಲಿಗೆ ಪ್ರೊಬೇಷನ್" ಎಂದು ಜಡ್ಜ್ ಹೇಳಿದಾಗ ಮನೆಯವರು ಕೋರ್ಟಿನಲ್ಲೇ ತಬ್ಬಿಕೊಂಡು ಅಳುತ್ತಾರೆ, ಉಳಿದುಕೊಂಡೆವು ಅಂತ. ಒಂದು ರಾತ್ರಿಯೂ ಒಳಗೆ ಮಲಗದಿದ್ದರೂ ವಲಸೆ ಕಾನೂನಿನ ಪ್ರಕಾರ ಅದು ಒಂದು ವರ್ಷದ ಶಿಕ್ಷೆ. ಅದೇ ಜಾಗದಲ್ಲಿ 364 ದಿನ ಎಂದು ಬರೆಸಿದ್ದರೆ ಆ ವರ್ಗಕ್ಕೆ ಬೀಳುತ್ತಿರಲಿಲ್ಲ. ಒಂದೇ ಒಂದು ದಿನ. ಈ ಕಾರಣಕ್ಕೇ ಕ್ಯಾಲಿಫೋರ್ನಿಯಾ 2015ರಿಂದ, ನ್ಯೂಯಾರ್ಕ್ 2019ರಿಂದ ಮಿಸ್‌ಡಿಮೀನರ್‌ನ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿವೆ. ಫೆಲನಿಯಲ್ಲಿ ಈ ಒಂದು ದಿನಕ್ಕೆ ನಿಮ್ಮ ವಕೀಲರೇ ಹೋರಾಡಬೇಕು. ಮೋಸದ ಕೇಸಾದರೆ ಇನ್ನೊಂದು ಗೆರೆ ಇದೆ, ನಷ್ಟ 10,000 ಡಾಲರ್ ದಾಟಿದರೆ ಶಿಕ್ಷೆ ಎಷ್ಟೇ ಇರಲಿ ಅದೇ ವರ್ಗ. ಹಾಗಾಗಿ ನಷ್ಟ ಭರ್ತಿಯ ಕಾಗದದಲ್ಲಿ ಯಾವ ಮೊತ್ತಕ್ಕೆ ಸಹಿ ಹಾಕುತ್ತಿದ್ದೀರಿ ಎಂದು ಎರಡು ಸಲ ನೋಡಿ.

ವಕೀಲರಿಗೆ ಇದೆಲ್ಲ ಗೊತ್ತಿರಬೇಕಲ್ವಾ ಎಂದು ನೀವು ಕೇಳಬಹುದು. ಗೊತ್ತಿರಲೇಬೇಕು. 2010ರಲ್ಲಿ ಪಡಿಲ್ಲಾ ವಿರುದ್ಧ ಕೆಂಟಕಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ತಪ್ಪೊಪ್ಪಿಗೆಯಿಂದ ಗಡೀಪಾರಾಗುವ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದಿತು. 2012ರ ಇನ್ನೊಂದು ತೀರ್ಪಿನಲ್ಲಿ ಅದೇ ಕೋರ್ಟ್ ಹೇಳಿದ ಪ್ರಕಾರ, ರಾಜ್ಯಗಳಲ್ಲಿ ಆಗುವ ಶಿಕ್ಷೆಗಳಲ್ಲಿ ಶೇ 94ರಷ್ಟು ತಪ್ಪೊಪ್ಪಿಗೆಯಿಂದಲೇ ಬರುತ್ತವೆ. ಅಂದರೆ ಕೇಸು ತೀರ್ಮಾನವಾಗುವುದು ಸಿನಿಮಾದಲ್ಲಿ ನೋಡುವಂಥ ವಾದದಲ್ಲಿ ಅಲ್ಲ, ಕೋರ್ಟಿನ ಹಜಾರದಲ್ಲಿ ಇಬ್ಬರು ವಕೀಲರ ನಡುವಿನ ಹತ್ತು ನಿಮಿಷದ ಮಾತಿನಲ್ಲಿ. ಆ ಹತ್ತು ನಿಮಿಷಕ್ಕೆ ಮುಂಚೆ ನಿಮ್ಮ ವೀಸಾ ಯಾವುದು, ಯಾವಾಗ ಬಂದಿರಿ ಎಂಬುದು ನಿಮ್ಮ ವಕೀಲರಿಗೆ ತಿಳಿದಿರಬೇಕು. ನಾಚಿಕೆಯಿಂದ ಮುಚ್ಚಿಡಬೇಡಿ. ನಿಮ್ಮ ಪರ ವಾದಿಸಲು ಸರಕಾರವೇ ಕೊಡುವ ವಕೀಲರು, ಅಂದರೆ ಪಬ್ಲಿಕ್ ಡಿಫೆಂಡರ್, ಎಂದಾಕ್ಷಣ ಮೂಗು ಮುರಿಯಲೂಬೇಡಿ. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದವರಿಗೆ 1963ರಿಂದ ಆ ಹಕ್ಕಿದೆ. ಹಲವು ದೊಡ್ಡ ಕೌಂಟಿಗಳ ಪಬ್ಲಿಕ್ ಡಿಫೆಂಡರ್ ಕಚೇರಿಗಳಲ್ಲಿ ವಲಸೆ ಕಾನೂನು ಬಲ್ಲವರೇ ಇರುತ್ತಾರೆ. ದುಬಾರಿ ಫೀಸಿನ ಎಲ್ಲ ಖಾಸಗಿ ವಕೀಲರ ಬಗ್ಗೆ ಈ ಮಾತು ಹೇಳಲಾರೆ.

ಪ್ರೊಬೇಷನ್ ಜೀವನ ಹೇಗಿರುತ್ತದೆ? ತಿಂಗಳಿಗೊಮ್ಮೆ ಆಫೀಸರ್ ಮುಂದೆ ಹಾಜರಿ. ವಿಳಾಸ ಬದಲಾದರೆ, ಕೆಲಸ ಬದಲಾದರೆ ಹೇಳಬೇಕು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಗೊತ್ತು ಮಾಡಿ, ಆ ಬಣ್ಣದ ಹೆಸರು ಬಂದ ದಿನ ಮಾದಕ ವಸ್ತುವಿಗಾಗಿ ಮೂತ್ರ ಪರೀಕ್ಷೆ ಎಂಬಂಥ ಪದ್ಧತಿಯೂ ಇದೆ, ಬೆಳಿಗ್ಗೆ ಒಂದು ನಂಬರಿಗೆ ಫೋನ್ ಮಾಡಿ ನಿಮ್ಮ ಬಣ್ಣ ಇವತ್ತು ಬಂತಾ ಎಂದು ಕೇಳಬೇಕು. ಅದರ ನಡುವೆ ನಿಮಗೆ ಕ್ಲಾಸು, ಪರೀಕ್ಷೆ, ಇಂಟರ್‌ವ್ಯೂ. ಟೆಕ್ಸಾಸ್‌ನಲ್ಲಿ ನಿಗಾಕ್ಕೆ ತಿಂಗಳಿಗೆ 25ರಿಂದ 60 ಡಾಲರ್ ಶುಲ್ಕ ಬೇರೆ. ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು ಅಂತ ಸೂಟ್‌ಕೇಸ್ ಹಿಡಿದು ಹೊರಡುವಂತಿಲ್ಲ, ಫೆಲನಿ ಪ್ರೊಬೇಷನ್ ಆದರೆ ಎರಡೂ ರಾಜ್ಯಗಳು ಒಪ್ಪಬೇಕು. ಊರಿಗೆ ಹೋಗುವುದಂತೂ ಅನುಮತಿ ಇಲ್ಲದೆ ಆಗದು. ಅವಧಿ ಎಷ್ಟು ಎಂಬುದು ಮತ್ತೆ ರಾಜ್ಯಕ್ಕೆ ಬಿಟ್ಟದ್ದು. ಕ್ಯಾಲಿಫೋರ್ನಿಯಾ 2021ರಿಂದ ಹೆಚ್ಚಿನ ಫೆಲನಿಗಳಿಗೆ ಎರಡು ವರ್ಷದ ಮಿತಿ ಹಾಕಿದೆ. ನ್ಯೂಯಾರ್ಕ್‌ನಲ್ಲಿ ಮೂರು, ನಾಲ್ಕು ಅಥವಾ ಐದು ವರ್ಷ.

ಹಣ ಕಟ್ಟಲು ನಿಜವಾಗಿ ಶಕ್ತಿ ಇಲ್ಲದಿದ್ದರೆ, ಅದೊಂದೇ ಕಾರಣಕ್ಕೆ ವಿಚಾರಿಸದೆ ಜೈಲಿಗೆ ಕಳಿಸುವಂತಿಲ್ಲ ಎಂದು 1983ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸುಮ್ನೆ ಕಟ್ಟದೆ ಕೂತರೆ ಆ ರಕ್ಷಣೆ ಸಿಗುವುದಿಲ್ಲ. ಮೊದಲೇ ಹೋಗಿ ಹೇಳಬೇಕು.

ಕೊನೆಗೆ ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು.

ವಿದ್ಯಾರ್ಥಿಯೊಬ್ಬರು ಕೇಳಿದರು, "ಅಂಗಡಿಯ ಹಿಂದಿನ ರೂಮಿಗೆ ಕರೆದುಕೊಂಡು ಹೋಗಿ ಒಂದು ಕಾಗದಕ್ಕೆ ಸಹಿ ಹಾಕು ಅಂದರೆ?" ಓಡಬೇಡಿ, ತಳ್ಳಬೇಡಿ. ತಳ್ಳಿದರೆ ಕಳವು ದರೋಡೆಯಾಗಿಬಿಡಬಹುದು, ಆಮೇಲೆ ಪ್ರೊಬೇಷನ್ ಮಾತೇ ಕಷ್ಟ. ಹೆಸರು ಹೇಳಿ. ಮಿಕ್ಕದ್ದಕ್ಕೆ "ವಕೀಲರ ಜೊತೆ ಮಾತಾಡಬೇಕು" ಎನ್ನಿ. ಅಂಗಡಿಯ ಕಾವಲಿನವರು ಪೊಲೀಸರಲ್ಲ, ಸುಮ್ಮನಿರುವ ಹಕ್ಕಿದೆ ಎಂದು ಅವರು ಹೇಳಬೇಕಾಗಿಲ್ಲ. ಆದರೆ ಅಲ್ಲಿ ಬರೆದುಕೊಟ್ಟದ್ದು ನೇರ ಕೋರ್ಟಿಗೆ ಬರುತ್ತದೆ. ಬಂಧಿಸಿದರೆ ಭಾರತದ ಕಾನ್ಸುಲೇಟ್‌ಗೆ ತಿಳಿಸಿ ಎಂದು ಕೇಳುವ ಹಕ್ಕೂ ನಿಮಗಿದೆ.

"ವೀಸಾ ರದ್ದಾಯಿತು ಅಂತ ಇಮೇಲ್ ಬಂದರೆ ಮರುದಿನವೇ ಹೊರಡಬೇಕಾ?" ವೀಸಾ ದೇಶದ ಒಳಗೆ ಬರುವ ಚೀಟಿ, ಬಂದ ಮೇಲೆ ಇಲ್ಲಿರಲು ಕಾನೂನು ಕೊಡುವ ಸ್ಥಿತಿ, ಅಂದರೆ ಸ್ಟೇಟಸ್, ಬೇರೆ. ವೀಸಾ ರದ್ದಾದರೂ ಕೆಲವೊಮ್ಮೆ ಸ್ಥಿತಿ ಉಳಿದಿರುತ್ತದೆ, ಆದರೆ ಒಮ್ಮೆ ಹೊರಗೆ ಹೋದರೆ ಹೊಸ ವೀಸಾ ಇಲ್ಲದೆ ಬರಲಾಗದು. ಹೆದರಿ ಟಿಕೆಟ್ ತೆಗೆಯುವ ಮುಂಚೆ ವಲಸೆ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದವರೂ ಹಳೆಯ ಕಳವಿನ ಕೇಸು ಇಟ್ಟುಕೊಂಡು ಊರಿಗೆ ಹೊರಡುವ ಮುಂಚೆ ಕೇಳಿ. ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಬೇರೆಯೇ ನಿಯಮ ಹಿಡಿದು ಪರಿಶೀಲಿಸುತ್ತಾರೆ.

ಕೊನೆಯದು ಒಬ್ಬ ತಾಯಿಯವರ ಪ್ರಶ್ನೆ. ಮಗನ ಪ್ರೊಬೇಷನ್ ಮುಗಿದಿದೆ, ಕೋರ್ಟ್ ದಾಖಲೆಯನ್ನೂ ಮುಚ್ಚುತ್ತಿದೆ, ಪೌರತ್ವದ ಅರ್ಜಿಯಲ್ಲಿ ಇಲ್ಲ ಅಂತ ಬರೆಯಬಹುದಾ? ಬರೆಯಬೇಡಿ ಅಮ್ಮ. ರಾಜ್ಯ ಮುಚ್ಚಿದ ದಾಖಲೆಯನ್ನೂ ವಲಸೆ ಇಲಾಖೆ ಕೇಳುತ್ತದೆ, ಬೆರಳಚ್ಚಿನಲ್ಲಿ ಅದು ಕಾಣುತ್ತದೆ. ಪ್ರೊಬೇಷನ್ ನಡೆಯುತ್ತಿರುವಾಗ ಪೌರತ್ವ ಕೊಡುವುದೇ ಇಲ್ಲ, ನಿಮ್ಮ ಮಗನದು ಮುಗಿದಿರುವುದು ಒಳ್ಳೆಯದಾಯಿತು. ಆದರೂ ಅರ್ಜಿ ಹಾಕುವ ಮುಂಚೆ ಆ ಕೇಸಿನ ಕಾಗದಗಳನ್ನು ವಲಸೆ ವಕೀಲರಿಗೆ ತೋರಿಸಿ, ಅರ್ಜಿಯೇ ಗಡೀಪಾರಿನ ಕೇಸು ಎಬ್ಬಿಸಬಾರದು. ಕೋರ್ಟಿನ ಕ್ಲರ್ಕ್ ಕಚೇರಿಗೆ ಈ ವಾರವೇ ಹೋಗಿ, ಕೇಸು ಹೇಗೆ ಮುಗಿಯಿತು ಎಂಬ ಸರ್ಟಿಫೈಡ್ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ. ದಾಖಲೆ ಮುಚ್ಚಿದ ಮೇಲೆ ಅದೇ ಕಾಗದ ಪಡೆಯಲು ಮತ್ತೆ ಓಡಾಡಬೇಕಾಗುತ್ತದೆ.